ಕೇಳಲಾಗಿ ದುಭಾಷಿ ಹೇಳಿದ್ದು

ಹಾಂಗ್‌ಕಾಂಗ್
೩ ಮಾರ್ಚ್ ೧೯೩೪

ಅಪ್ಪಾ,

ಈ ಕಾಗದ ಶುರುಮಾಡಿ ಮೂರು ದಿನವಾಯಿತು. ಎರಡು ಸಾಲಿಗೊಮ್ಮೆ ಮಗು ಅಳುತ್ತದೆ. ಅಳದೆ ಮಲಗಿದರೆ ಯಾಕೆ ಅಳಲಿಲ್ಲವೆಂದು ಎದ್ದು ಹೋಗಿ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಕಾಲೇಜಿನಲ್ಲಿ ರೋಮನ್ನರ ಇತಿಹಾಸ ಕಲಿಸಿದರು, ಮಗುವಿನ ಉಸಿರು ಎಷ್ಟು ಸಣ್ಣಗಿರುತ್ತದೆಂದು ಕಲಿಸಲಿಲ್ಲ.

ನಾನು ಈಗ ಅತ್ತೆಯ ಜೊತೆ ತಾಮ್ ಮನೆಯಲ್ಲಿಲ್ಲ. ಹೊಸವರ್ಷದ ಮೂರನೆಯ ದಿನ, ಜಗಳದ ದಿನವೆಂದು ಯಾರೂ ಯಾರ ಮನೆಗೂ ಹೋಗದ ದಿನ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟುಬಿಟ್ಟೆ. ಮರದ ಪಾದರಕ್ಷೆ ಮಾಡುವ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಕೆಳಗಿನ ಟಕಟಕ ಶಬ್ದಕ್ಕೆ ನಾಯಿಮರಿ ಮಲಗುತ್ತಾನೆ. ಹೌದು, ದೃಷ್ಟಿ ತಾಕದಿರಲೆಂದು ಮಗುವಿಗೆ ಇನ್ನೂ ಅದೇ ಹೆಸರು. ದೊಡ್ಡ ಹೆಸರಿಡಲು ಧೈರ್ಯವಿಲ್ಲ. ಅವನ ಅಪ್ಪನಿಗೆ ಎಷ್ಟು ದೊಡ್ಡ ಹೆಸರಿತ್ತು, ವಿಷಮಶೀತ ಜ್ವರ ಕೇಳಿತೇ?

ನಾನು ಹೊರಟದ್ದು ಸುಮ್ಮನೆ ಅಲ್ಲ. ಮಗುವಿಗೆ ತಿಂಗಳು ತುಂಬಿದ ದಿನವೇ ಅತ್ತೆ ಅವನನ್ನು ತಮ್ಮ ಕೋಣೆಗೆ ಒಯ್ದರು. ಹಾಲೂಡಿಸಲು ಬೇರೆ ಹೆಂಗಸನ್ನು ಗೊತ್ತುಮಾಡಿದರು. ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿ ಬಾಗಿಲ ಹೊರಗೆ ನಿಂತಿರುತ್ತಿದ್ದೆ. "ಪುಸ್ತಕ ಹಿಡಿದ ಹಾಗೆ ಮಗು ಹಿಡೀತೀಯಲ್ಲೇ, ಹಾಳೆ ತಿರುಗಿಸ್ತೀಯಾ ಏನು?" ಅನ್ನುತ್ತಿದ್ದರು. ಆಳುಗಳೆಲ್ಲ ನಗುತ್ತಿದ್ದರು.

ಈಗ ಕೋರ್ಟಿನಿಂದ ಕರೆ ಬಂದಿದೆ. ಒಣಮೀನಿನ ಅಂಗಡಿಯ ತಾಮ್ ಮನೆತನದ ಒಬ್ಬನೇ ಮೊಮ್ಮಗನನ್ನು ಹಿಂತಿರುಗಿಸಬೇಕಂತೆ. ಮುಖ್ಯ ನ್ಯಾಯಾಧೀಶ ಯಾರು ಗೊತ್ತೇ? ನಮ್ಮ ಕೊಕ್ಕರೆ. ನಾನು ಚಿಕ್ಕವಳಿದ್ದಾಗ ಊಟಕ್ಕೆ ಕೂತು ನೀವು ಅವರ ಕತ್ತು ಉದ್ದಮಾಡಿ ತೋರಿಸಿ ನನ್ನನ್ನು ನಗಿಸುತ್ತಿದ್ದಿರಲ್ಲ, ಅವರೇ. ಎರಡನೆಯ ನ್ಯಾಯಾಧೀಶರು ನೀವು ಬೂದುಗುಂಬಳ ಅನ್ನುತ್ತಿದ್ದವರು.

ನೀವು ಮೂವತ್ತು ವರ್ಷ ಆ ಕೋರ್ಟಿನ ದುಭಾಷಿಯಾಗಿದ್ದವರು. ಚೀನೀಯರ ಪದ್ಧತಿ ಏನೆಂಬ ಪ್ರಶ್ನೆ ಬಂದರೆ ಅವರು ನಿಮ್ಮ ಕಡೆಯೇ ತಿರುಗುತ್ತಿದ್ದರಂತೆ. ಬಂದು ಒಂದು ಮಾತು ಹೇಳಿ. ಮಕಾವಿನಿಂದ ಹಡಗಿನಲ್ಲಿ ನಾಲ್ಕೇ ಗಂಟೆ.

ಮೊಣಕಾಲೂರಿ ನಮಸ್ಕರಿಸುವ ಮಗಳು
ಸುಕ್‌ಯಿನ್


ಮಕಾವು
೮ ಮಾರ್ಚ್ ೧೯೩೪

ಮಗಳೇ,

ಕಾಗದ ಬಂತು. ಕೈಬರಹ ಕೆಟ್ಟಿದೆ, ನಿದ್ದೆಯಿಲ್ಲದವರ ಅಕ್ಷರ ಬಲಕ್ಕೆ ವಾಲುತ್ತದೆ. ಶುಂಠಿ ವಿನೆಗರಿನಲ್ಲಿ ಬೇಯಿಸಿದ ಹಂದಿಕಾಲು ತಿನ್ನುತ್ತಿದ್ದೀಯಾ? ಕೋಣೆಗೆ ಗಾಳಿ ಬರುತ್ತದೆಯೇ? ಬಾಣಂತಿಗೆ ಗಾಳಿ ತಾಕಬಾರದು.

ಹಿಂದಿರುಗಿ ತಾಮ್ ಮನೆಗೆ ಹೋಗು. ಮಗುವಿನ ನೂರನೆಯ ದಿನ ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಬರುತ್ತದೆ, ಅದರೊಳಗೆ ಹೋಗು. ಅತ್ತೆಯ ಕಾಲಿಗೆ ಬೀಳಬೇಕಾದರೆ ಬೀಳು. ಚಹಾ ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಕೊಡು. ಬಾಗಿಲ ಹೊರಗೆ ನಿಲ್ಲಿಸಿದರೆ ಬಾಗಿಲ ಹೊರಗೇ ನಿಲ್ಲು. ಆದರೆ ಆ ಮನೆಯ ಹೊಸ್ತಿಲೊಳಗೇ ನಿಲ್ಲು. ಯಾಕೆಂದು ಕೇಳಬೇಡ.

ನ್ಯಾಯಾಧೀಶರು ಬಲಶಾಲಿಗಳೆಂದು ನೀನು ತಿಳಿದಿದ್ದೀಯ. ಪಕ್ಕದಲ್ಲೇ ನಿಂತಿದ್ದ ನಾನು ಹೇಳುತ್ತೇನೆ, ಅವರು ಹೆದರಿದವರು. ತಮ್ಮದಲ್ಲದ ಊರಿನಲ್ಲಿ, ತಮಗೆ ತಿಳಿಯದ ಮಾತಿನಲ್ಲಿ ಅಳುವವರ ನಡುವೆ, ಬೇಸಗೆಯಲ್ಲೂ ಕುದುರೆ ಕೂದಲಿನ ಟೋಪಿ ಹೊತ್ತು ಕೂತಿರುತ್ತಾರೆ. ಹೆದರಿದವನು ಕೈಗೆ ಸಿಕ್ಕ ಕಂಬ ಹಿಡಿಯುತ್ತಾನೆ. ಅವರ ಕಂಬ ಹಿಂದಿನ ತೀರ್ಪು. ಹಿಂದಿನವನು ಹೇಳಿದ್ದೇ ಸರಿ. ಅವನು ಯಾರ ಮಾತು ಕೇಳಿ ಹಾಗೆ ಹೇಳಿದ ಎಂದು ಯಾರೂ ಕೇಳುವುದಿಲ್ಲ.

ನನ್ನ ಮೊಣಕಾಲು ಹಡಗಿನ ಮೆಟ್ಟಿಲಿಗೆ ಒಪ್ಪುವುದಿಲ್ಲ. ಹಕ್ಕಿಯನ್ನು ನೋಡಿಕೊಳ್ಳುವವರೂ ಇಲ್ಲ.

ತಂದೆ ಬರೆದದ್ದು


ಹಾಂಗ್‌ಕಾಂಗ್
೧೪ ಮಾರ್ಚ್ ೧೯೩೪

ಅಪ್ಪಾ,

ಹಕ್ಕಿಯನ್ನು ನೋಡಿಕೊಳ್ಳುವವರಿಲ್ಲ. ಸರಿ. ಇಲ್ಲಿ ಮೊಮ್ಮಗನನ್ನು ನೋಡಿಕೊಳ್ಳುವವರೂ ಯಾರೂ ಇಲ್ಲ. ಅವನಿಗೆ ಪಂಜರವೂ ಇಲ್ಲ.

ಕೋಪದಲ್ಲಿ ಬರೆಯಬಾರದೆಂದು ಒಂದು ದಿನ ಕಾದೆ, ಕೋಪ ಹೋಗಲಿಲ್ಲ. ಮೆಟ್ರಿಕ್ಯುಲೇಶನ್ ಆದಮೇಲೆ ಓದು ಸಾಕೆಂದು ಊರೆಲ್ಲ ಹೇಳಿದಾಗ "ಇನ್ನೂ ಓದು" ಅಂದವರು ನೀವು. ಈಗ ಚಹಾ ಬಟ್ಟಲು ಎರಡೂ ಕೈಯಲ್ಲಿ ಹಿಡಿ ಅನ್ನುತ್ತೀರಿ. ಕೋರ್ಟಿನ ಸೇವೆಗೆ ಸಿಕ್ಕ ನಿಮ್ಮ ಎದೆಯ ಮೇಲಿನ ಪದಕ ನನಗೆ ಗೊತ್ತು. ಮಗಳು ಗಂಡನ ಮನೆ ಬಿಟ್ಟು ಬಂದು, ನೀವು ನಿಂತಿದ್ದ ಕೋರ್ಟಿನಲ್ಲೇ ನಿಂತರೆ ಅದಕ್ಕೆ ಮಸಿ ಹತ್ತುತ್ತದೆ. ಅದನ್ನೇ ಬರೆಯಬಹುದಿತ್ತು. ಮೊಣಕಾಲಿನ ಮೇಲೆ ಯಾಕೆ ಹಾಕಿದಿರಿ?

ನಿನ್ನೆ ಅತ್ತೆ ಬಂದಿದ್ದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲೇ ನಿಂತರು.

"ಇದೇನಾ ಅರಮನೆ?"

"ಒಳಗೆ ಬನ್ನಿ, ಅತ್ತೆ."

"ಬರಲ್ಲ. ಒಣಗಿದ್ದಾನೆ ಮಗು. ನಿನ್ನ ಹಾಲು ನೀರು."

"ಮುನ್ನೂರು ಗ್ರಾಂ ಹೆಚ್ಚಾಗಿದ್ದಾನೆ. ಡಾಕ್ಟರ್ ತೂಕ ಹಾಕಿದ್ರು."

"ತೂಕ ಹಾಕೋಕೆ ಅವನೇನು ಒಣಮೀನಾ?"

ಹಾಗಂದವರು ಕೈಯಲ್ಲಿದ್ದ ಗಂಟನ್ನು ಹೊಸ್ತಿಲ ಮೇಲಿಟ್ಟು ಇಳಿದುಹೋದರು. ಬಿಚ್ಚಿದರೆ ಹುಲಿಮುಖದ ಟೋಪಿ. ಮೀಸೆಯ ಒಂದೊಂದು ದಾರವೂ ಅವರೇ ಹೊಲಿದದ್ದು. ಅದನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಮಗ ಸತ್ತದ್ದು ಅವರಿಗೂ ತಾನೆ? ನನ್ನ ಜಡೆಯಲ್ಲಿ ಗಂಡನ ಶೋಕಕ್ಕೆ ಮುಡಿದ ಬಿಳಿ ಉಣ್ಣೆಯ ಹೂವಿದೆ. ತಾಯಿ ಮಗನಿಗಾಗಿ ಹೂ ಮುಡಿಯುವಂತೆಯೂ ಇಲ್ಲ. ಆದರೆ ಮಗುವನ್ನು ಕೊಡಲಾರೆ ಅಪ್ಪಾ. ಕೊಟ್ಟರೆ ನನ್ನ ಕೈ ನನ್ನದಾಗಿ ಉಳಿಯುವುದಿಲ್ಲ.

ಲಾಯರು ರೊಜಾರಿಯೊ ಒಳ್ಳೆಯವರು. ಹಳೆಯ ತೀರ್ಪೊಂದು ಅಡ್ಡ ಬರುತ್ತದಂತೆ. ಅದನ್ನು ಪ್ರಶ್ನಿಸುವುದರಿಂದ ಇಬ್ಬರು ನ್ಯಾಯಾಧೀಶರೂ ಒಟ್ಟಿಗೆ ಕೂರುತ್ತಾರೆ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಹಿರಿಯನ ಮಾತೇ ನಿಲ್ಲುವುದಂತೆ. ಅಂದರೆ ಕೊಕ್ಕರೆಯ ಮಾತು. ರೊಜಾರಿಯೊ ಆ ತೀರ್ಪಿರುವ ಹಳೆಯ ಸಂಪುಟ ತರಿಸುತ್ತಿದ್ದಾರೆ.

ಸುಕ್‌ಯಿನ್


ಮಕಾವು
೧೯ ಮಾರ್ಚ್ ೧೯೩೪

ಮಗಳೇ,

ಬಾದಾಮಿ ಬಿಸ್ಕತ್ತಿನ ಡಬ್ಬಿ ಕಳಿಸಿದ್ದೇನೆ. ಹಾಲು ಹೆಚ್ಚಾಗಲು ಹಸಿ ಪಪ್ಪಾಯಿಯನ್ನು ಮೀನಿನ ಜೊತೆ ಬೇಯಿಸಿ ಕುಡಿ. ನಿನ್ನ ಅಮ್ಮ ಕುಡಿಯುತ್ತಿದ್ದಳು.

ಕೋರ್ಟು ಬೇಡ. ತಾಮ್ ಅಮ್ಮನವರಿಗೆ ನಾನೇ ಕಾಗದ ಬರೆದಿದ್ದೇನೆ, ನೀನು ಹಿಂತಿರುಗುತ್ತೀಯೆಂದು. ಇನ್ನು ಹತ್ತು ದಿನವಿದೆ. ಆ ಸಂಪುಟ ತೆರೆಯುವ ಅಗತ್ಯವಿಲ್ಲವೆಂದು ನಿನ್ನ ಲಾಯರಿಗೆ ಹೇಳು.

ತಂದೆ ಬರೆದದ್ದು


ಹಾಂಗ್‌ಕಾಂಗ್
೨೪ ಮಾರ್ಚ್ ೧೯೩೪

ಅಪ್ಪಾ,

ಸಂಪುಟ ತೆರೆದಾಯಿತು. ೧೯೦೯ನೇ ಇಸವಿ, ಇನ್ನೂರ ಹನ್ನೆರಡನೇ ಪುಟ. ಒಬ್ಬ ವಿಧವೆ, ಹೊಲಿಗೆ ಕೆಲಸದವಳು. ನಾಲ್ಕು ವರ್ಷದ ಮಗನನ್ನು ಚಿಕ್ಕಪ್ಪಂದಿರ ವಶಕ್ಕೆ ಕೊಡಿಸಿದ ತೀರ್ಪು. ಮೂರು ಸಾಲನ್ನು ನನ್ನ ಕೈಯಾರೆ ಅನುವಾದಿಸಿ ಬರೆಯುತ್ತಿದ್ದೇನೆ:

"ಕೇಳಲಾಗಿ, ನ್ಯಾಯಾಲಯದ ದುಭಾಷಿ ಶ್ರೀ ಮೋಕ್ ಪುಯಿಶಿಂಗ್ ತಿಳಿಸಿದ್ದೇನೆಂದರೆ, ಗಂಡನ ಮನೆಯನ್ನು ತೊರೆದ ವಿಧವೆಗೆ ಮಗನ ಮೇಲೆ ಹಕ್ಕಿಲ್ಲ, ಇದು ಚೀನೀಯರಲ್ಲಿ ಎಲ್ಲೆಡೆ ಒಪ್ಪಿತವಾದ ಪದ್ಧತಿ. ನ್ಯಾಯಾಲಯ ಇದನ್ನು ಅಂಗೀಕರಿಸುತ್ತದೆ."

ಆಮೇಲೆ ಹನ್ನೊಂದು ಪ್ರಕರಣಗಳಲ್ಲಿ ಈ ಪುಟದ ಹೆಸರು ಹೇಳಿದ್ದಾರೆ. ರೊಜಾರಿಯೊ ಎಣಿಸಿ ತೋರಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಇವರು ನಿಮ್ಮ ನೆಂಟರಾ, ಅಮ್ಮಾ?" ಅಂದರು.

ಏನು ಹೇಳಲಿ?


ಮಕಾವು
೫ ಏಪ್ರಿಲ್ ೧೯೩೪, ಸಮಾಧಿ ಗುಡಿಸುವ ಹಬ್ಬ

ಮಗಳೇ,

ಹನ್ನೆರಡು ದಿನ ಸುಮ್ಮನಿದ್ದೆ. ನೂರನೆಯ ದಿನವೂ ಕಳೆಯಿತು. ಇವತ್ತು ಎಲ್ಲರೂ ಗುದ್ದಲಿ, ಹಂದಿಮಾಂಸ, ಹಣ್ಣು ಹೊತ್ತು ಗುಡ್ಡ ಹತ್ತುತ್ತಿದ್ದಾರೆ. ನಾನು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನೆಂಟನೇ ಎಂದು ಹೇಳು.

ನನ್ನ ಅಮ್ಮ ನಾನು ಆರು ವರ್ಷದವನಿದ್ದಾಗ ತೀರಿಕೊಂಡಳೆಂದು ನಿನಗೆ ಹೇಳಿದ್ದೆ. ತೀರಿಕೊಂಡವನು ಅಪ್ಪ. ಅಮ್ಮ ಮನೆ ಬಿಟ್ಟು ಹೋದಳು. ಒಂದು ಬೆಳಿಗ್ಗೆ ಎದ್ದಾಗ ಅವಳ ಚಾಪೆ ಸುತ್ತಿಟ್ಟಿತ್ತು. ದೊಡ್ಡ ಚಿಕ್ಕಪ್ಪ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನಿಮ್ಮಮ್ಮ ತವರಿಗೆ ಹೋದ್ಲು. ತವರಿಗೆ ಹೋದವಳು ಮಗನ್ನ ಬಿಟ್ಟೇ ಹೋಗ್ಬೇಕು. ಅದು ಪದ್ಧತಿ. ಅಳಬಾರದು" ಅಂದ. ನಾನು ಅಳಲಿಲ್ಲ. ಪದ್ಧತಿ ಎಂದರೆ ಅಮ್ಮನ ತಪ್ಪಲ್ಲ, ಚಿಕ್ಕಪ್ಪಂದಿರ ತಪ್ಪೂ ಅಲ್ಲ, ನಾನು ಹಟಮಾರಿಯಾಗಿದ್ದೆನೆಂದೂ ಅಲ್ಲ. ಆ ಒಂದು ಮಾತು ನನಗೆ ಹೊದಿಕೆಯಾಗಿತ್ತು.

ಪ್ರತಿವರ್ಷ ಈ ಹಬ್ಬದ ದಿನ ನಾವು ಅಪ್ಪನ ಸಮಾಧಿ ಗುಡಿಸುವಾಗ ದೂರದ ಲಿಚಿ ಮರದ ಕೆಳಗೆ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಚಿಕ್ಕಪ್ಪ ತಿರುಗಿ ನೋಡಿದರೆ ಇಳಿದುಹೋಗುತ್ತಿದ್ದಳು. ಹತ್ತನೆಯ ವರ್ಷ ಅವಳು ಬರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ.

೧೯೦೯. ಆಗಿನ ಮುಖ್ಯ ನ್ಯಾಯಾಧೀಶನಿಗೆ ನಾವು ಗಡಿಯಾರ ಎಂದು ಹೆಸರಿಟ್ಟಿದ್ದೆವು. ಹೊಲಿಗೆಯವಳ ಪ್ರಕರಣ ನಡೆಯುತ್ತಿತ್ತು. ಮಧ್ಯಾಹ್ನ ಚಹಾದ ಹೊತ್ತಿಗೆ ನನ್ನನ್ನು ಒಳಕೋಣೆಗೆ ಕರೆಸಿದ. ವಾತದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದ.

"ಮೋಕ್, ನಿಮ್ಮವರಲ್ಲಿ ಏನು ಪದ್ಧತಿ? ವಿಧವೆ ಮನೆ ಬಿಟ್ಟರೆ ಮಗು ಯಾರದು?"

"ಪ್ರಭು, ಅದು..."

"ಉದ್ದ ಬೇಡ. ಮಗು ಅವಳದಾ, ಅಲ್ಲವಾ? ನಾಲ್ಕಕ್ಕೆ ನನ್ನ ದೋಣಿ ಕಾಯ್ತಿದೆ."

ನನಗೆ ಗೊತ್ತಿಲ್ಲ ಅನ್ನಬೇಕಿತ್ತು. ಒಂದೂರಿನಲ್ಲಿ ಒಂದು ರೀತಿ, ಪಕ್ಕದ ಊರಿನಲ್ಲಿ ಇನ್ನೊಂದು. ಒಂದೇ ಬೀದಿಯಲ್ಲಿ ಸಿರಿವಂತರಿಗೆ ಒಂದು, ಕೂಲಿಯವರಿಗೆ ಒಂದು. ಗೊತ್ತಿಲ್ಲ ಎಂದ ದುಭಾಷಿಗೆ ಮರುದಿನ ಕೆಲಸವಿರುತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಪದ್ಧತಿಯೇ ಇಲ್ಲ ಎಂದು ನನ್ನ ಬಾಯಿಂದ ಬಂದರೆ, ನನ್ನ ಅಮ್ಮನನ್ನು ಬರಿದೇ ಓಡಿಸಿದರೆಂದು ಆಗುತ್ತಿತ್ತು. ಇಲ್ಲವೇ ಅವಳೇ ಬರಿದೇ ಬಿಟ್ಟುಹೋದಳೆಂದು. "ಅಲ್ಲ ಪ್ರಭು, ಅವಳದಲ್ಲ" ಅಂದೆ. "ಎಲ್ಲ ಕಡೆಯೂ ಹಾಗೆಯೇ?" "ಎಲ್ಲ ಕಡೆಯೂ." ಮೂಲೆಯಲ್ಲಿ ಕೂತಿದ್ದ ಯುವ ಅಧಿಕಾರಿ ಬರೆದುಕೊಂಡ. ಗಡಿಯಾರ ಚಹಾ ಮುಗಿಸಿದ.

ಮಾರನೆಯ ದಿನ ತೀರ್ಪನ್ನು ಆ ಹೆಂಗಸಿಗೆ ನಮ್ಮ ಭಾಷೆಯಲ್ಲಿ ಹೇಳಿದವನೂ ನಾನೇ. ಅವಳು ನ್ಯಾಯಾಧೀಶನ ಕಡೆ ನೋಡಲೇ ಇಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು. ಮನೆಗೆ ಬಂದೆ. ನಿನಗೆ ಆವತ್ತು ನಲವತ್ತು ದಿನ. ನಿನ್ನ ಅಮ್ಮ ಎತ್ತಿಕೊಳ್ಳಿ ಎಂದು ನಿನ್ನನ್ನು ಚಾಚಿದಳು. ಕೈ ತೊಳೆದು ಬರುತ್ತೇನೆ ಎಂದು ಹೊರಗೆ ಹೋಗಿ ಬಹಳ ಹೊತ್ತು ತೊಳೆದೆ.

ಆ ಯುವ ಅಧಿಕಾರಿಯೇ ಇವತ್ತಿನ ಕೊಕ್ಕರೆ. ಅದಕ್ಕೇ ನಿನಗೆ ಹೊಸ್ತಿಲೊಳಗೆ ನಿಲ್ಲು ಅಂದೆ. ಹೊಸ್ತಿಲ ಹೊರಗೆ ನನ್ನ ಮೂರು ಸಾಲು ಕಾದಿತ್ತು. ಪದಕವನ್ನು ನಾನು ಪೆಟ್ಟಿಗೆಯಿಂದ ತೆಗೆದು ವರ್ಷಗಳೇ ಆದವು.

ತಂದೆ ಬರೆದದ್ದು


ಹಾಂಗ್‌ಕಾಂಗ್
೮ ಏಪ್ರಿಲ್ ೧೯೩೪

ಅಪ್ಪಾ,

ನಿಮ್ಮ ಕಾಗದವನ್ನು ಮಗುವಿಗೆ ಹಾಲೂಡಿಸುತ್ತಾ ಓದಿದೆ. ಅರ್ಧಕ್ಕೆ ಅವನ ಕೆನ್ನೆ ಒದ್ದೆಯಾಗಿತ್ತು, ಅವನು ಅತ್ತದ್ದಲ್ಲ.

ಮೊದಲು ಕೋಪವೇ ಬಂತು. ಹನ್ನೊಂದು ಪ್ರಕರಣ. ಆಮೇಲೆ ಲಿಚಿ ಮರ ಕಂಡಿತು. ಇವತ್ತಿಡೀ ಎರಡೂ ಒಂದರ ಹಿಂದೆ ಒಂದು ಬರುತ್ತಲೇ ಇವೆ.

ಎರಡು ವಿಷಯ. ಆ ಹೊಲಿಗೆಯವಳ ಹೆಸರೇನು? ತೀರ್ಪಿನಲ್ಲಿ ಬರೀ 'ಪ್ರತಿವಾದಿ' ಎಂದಿದೆ.

ವಿಚಾರಣೆ ಹದಿನಾರನೇ ತಾರೀಕು, ಸೋಮವಾರ, ಹತ್ತು ಗಂಟೆಗೆ. ನೀವು ಬರಲೇಬೇಕೆಂದು ಬರೆಯುವುದಿಲ್ಲ. ಅಳಬಾರದೆಂದು ಹೇಳಿಸಿಕೊಂಡ ಆರು ವರ್ಷದವನನ್ನು ಕೋರ್ಟಿಗೆ ಬಾ ಎಂದು ಹೇಗೆ ಕರೆಯಲಿ? ತಾರೀಕು ಮಾತ್ರ ಬರೆದಿದ್ದೇನೆ.

ಸುಕ್‌ಯಿನ್


ಹಾಂಗ್‌ಕಾಂಗ್
೨೩ ಏಪ್ರಿಲ್ ೧೯೩೪

ಅಪ್ಪಾ,

ಸೋಮವಾರ ಸಾಕ್ಷಿ ಮುಗಿಸಿ ನೀವು ಒಂದು ಬಟ್ಟಲು ಗಂಜಿಯನ್ನೂ ಕುಡಿಯದೆ ಸಂಜೆಯ ಹಡಗು ಹಿಡಿದಿರಿ. ಅದಕ್ಕೇ ಆವತ್ತಿನದನ್ನೂ ಬರೆಯುತ್ತೇನೆ. ನಿಮ್ಮ ಮುಖ ನಿಮಗೆ ಕಾಣಲಿಲ್ಲವಲ್ಲ.

ನೀವು ಬರುತ್ತೀರೆಂದು ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಕೋಲು ಕಂಡಿತು, ಆಮೇಲೆ ಮೊಣಕಾಲು. ಮೊಣಕಾಲು ನಿಜವಾಗಿಯೂ ಕೆಟ್ಟಿದೆಯೆಂದು ಆಗ ತಿಳಿಯಿತು, ಕ್ಷಮಿಸಿ. ನೀವು ಅಭ್ಯಾಸಬಲದಿಂದ ದುಭಾಷಿಯ ಜಾಗಕ್ಕೇ ಹೋಗಿ ನಿಂತಿರಿ. ಹೊಸ ದುಭಾಷಿ ಎದ್ದು, "ಗುರುಗಳೇ, ತಮ್ಮ ಜಾಗ ಈ ಕಡೆ" ಎಂದು ಸಾಕ್ಷಿಕಟ್ಟೆ ತೋರಿಸಿದ. ಅವನ ಕಿವಿ ಕೆಂಪಾಗಿತ್ತು. ಸಾವಿರಾರು ಜನರಿಂದ ನೀವು ಹೇಳಿಸಿದ ಪ್ರಮಾಣವನ್ನು ಅವನು ಒಂದೊಂದೇ ತುಂಡಾಗಿ ಹೇಳಿಕೊಟ್ಟ, ನೀವು ಒಂದೊಂದೇ ತುಂಡಾಗಿ ಹೇಳಿದಿರಿ. ಇಂಗ್ಲಿಷ್ ಬೇಡ, ನಮ್ಮ ಭಾಷೆಯಲ್ಲೇ ಹೇಳುತ್ತೇನೆ ಅಂದಿರಿ. ಬೂದುಗುಂಬಳ ಹುಬ್ಬು ಹಾರಿಸಿದರು.

ನೀವು ಹೇಳುತ್ತಿದ್ದಾಗ ಅತ್ತೆ ಅಳುತ್ತಿದ್ದರು. ನಿಮ್ಮ ಮಾತು ಲಿಚಿ ಮರಕ್ಕೆ ಬಂದಾಗ ಅಂಗಿಯ ತೋಳಿನಲ್ಲೇ ಮೂಗು ಒರೆಸಿದರು. ನಾನು ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು.

ಬೂದುಗುಂಬಳ ಸಿಡುಕಿದರು: "ಅಂದು ಪದ್ಧತಿ ಇದೆ ಅಂದಿರಿ, ಇಂದು ಮಗಳಿಗಾಗಿ ಇಲ್ಲ ಅಂತೀರಿ. ಯಾವುದನ್ನು ನಂಬೋಣ?"

"ಇಲ್ಲ ಅಂತಲೂ ಹೇಳ್ತಿಲ್ಲ, ಪ್ರಭು. ನನಗೆ ಗೊತ್ತಿರಲಿಲ್ಲ ಅಂತ ಹೇಳ್ತಿದ್ದೇನೆ."

ಆಮೇಲೆ ಕೊಕ್ಕರೆ. ಅಲ್ಲಿಯವರೆಗೆ ಅವರು ಪೆನ್ನನ್ನೇ ಎತ್ತಿರಲಿಲ್ಲ. ಕತ್ತು ಮುಂದೆ ಚಾಚಿ ಮೆಲ್ಲಗೆ ಕೇಳಿದರು: "ಮೋಕ್, ಆ ದಿನ ಒಳಕೋಣೆಯಲ್ಲಿ ನಿಮಗೆ ಯಾರಾದರೂ ಪ್ರಮಾಣ ಮಾಡಿಸಿದರಾ?"

"ಇಲ್ಲ, ಪ್ರಭು. ಪ್ರಮಾಣ ಮಾಡಿಸುವವನೇ ನಾನು. ನನಗೆ ಯಾರೂ ಎಂದೂ ಮಾಡಿಸಲಿಲ್ಲ."

"ಖಂಡಿತವಾಗಿ?"

"ತಮಗೂ ನೆನಪಿರಬಹುದು, ಪ್ರಭು."

ಕೊಕ್ಕರೆ ನಿಮ್ಮನ್ನೇ ನೋಡುತ್ತಾ, "ನೆನಪಿದೆ" ಅಂದರು.

ಇವತ್ತು ತೀರ್ಪು ಬಂತು. ಬೂದುಗುಂಬಳ ಒಪ್ಪಲಿಲ್ಲ, ಇಪ್ಪತ್ತೈದು ವರ್ಷ ನಿಂತ ನಿಯಮವನ್ನು ಕದಲಿಸಬಾರದಂತೆ. ಕೊಕ್ಕರೆ ಅರ್ಧ ಪುಟ ಓದಿದರು. ಚಹಾದ ಹೊತ್ತಿನಲ್ಲಿ ಪ್ರಮಾಣವಿಲ್ಲದೆ ಆಡಿದ ಮಾತು ಸಾಕ್ಷ್ಯವಲ್ಲ, ಆದ್ದರಿಂದ ಆ ಪದ್ಧತಿ ಈ ನ್ಯಾಯಾಲಯದಲ್ಲಿ ಎಂದೂ ಸಿದ್ಧವಾಗಿರಲಿಲ್ಲ. ಮಗು ತಾಯಿಯ ಬಳಿ ಇರಲಿ. ಅಜ್ಜಿ ತಿಂಗಳಿಗೆ ಎರಡು ಬಾರಿ ಬಂದು ನೋಡಲಿ. ಹಿರಿಯನ ಮಾತು ನಿಂತಿತು.

ಕೋರ್ಟಿನ ಮರ್ಯಾದೆ ಉಳಿಸಿಕೊಂಡು ಪಕ್ಕದ ಬಾಗಿಲಿಂದ ಜಾರಿಕೊಂಡರು ಎಂದು ನನಗನಿಸುತ್ತದೆ. ತಪ್ಪಾಯಿತು ಎಂಬ ಮಾತು ಒಂದು ಕಡೆಯೂ ಇಲ್ಲ. ನಿಮಗೆ ಹೇಗನಿಸುತ್ತದೆ?

ಮೆಟ್ಟಿಲ ಮೇಲೆ ಅತ್ತೆ ಹಿಂದಿನಿಂದ ಬಂದರು. "ನಿಲ್ಲೇ. ಕಟ್ಟು ಸಡಿಲ, ಮಗು ಕುತ್ತಿಗೆ ವಾಲ್ತಿದೆ." ನನ್ನ ಬೆನ್ನ ಹಿಂದೆ ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ಆ ಎರಡು ಕ್ಷಣ ಮಗು ಪೂರ್ತಿ ಅವರ ಕೈಯಲ್ಲಿತ್ತು. ಕಟ್ಟಿ ಮುಗಿಸಿ, "ಹುಣ್ಣಿಮೆಗೆ ಬರ್ತೀನಿ. ಆ ಮೂರು ಮಹಡಿ ನನ್ನ ಕೈಲಾಗಲ್ಲ, ಕೆಳಗಿನ ಮನೆ ನೋಡ್ಕೋ" ಅಂದು ಹೋದರು.

ಮನೆಗೆ ಬಂದು ನಾನು ನಾಲ್ಕು ಗಂಟೆ ಒಂದೇ ಸಮನೆ ಮಲಗಿದೆ. ಎದ್ದಾಗ ಗಾಬರಿಯಾಗಿ ಮೂಗಿನ ಕೆಳಗೆ ಬೆರಳಿಟ್ಟೆ. ಬೆರಳನ್ನೇ ಚೀಪಿದ.

ಮೊಣಕಾಲೂರಿ ನಮಸ್ಕರಿಸುವ ಮಗಳು
ಸುಕ್‌ಯಿನ್


ಸನ್‌ವುಯಿ
೬ ಮೇ ೧೯೩೪

ಮಗಳೇ,

ಹಕ್ಕಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಇಲ್ಲಿಗೆ ಬಂದಿದ್ದೇನೆ. ಇದು ನನ್ನ ಅಮ್ಮನ ತವರೂರು.

ಕೊಕ್ಕರೆ ಜಾರಿಕೊಂಡ ಅನ್ನುತ್ತೀಯ. ಇರಬಹುದು. ಪ್ರಮಾಣವಾಗಿತ್ತೇ ಎಂಬ ಪ್ರಶ್ನೆ ಕೇಳಿದಾಗ ಅವನ ಕೈ ಮೇಜಿನಂಚು ಹಿಡಿದದ್ದನ್ನು ನಾನು ಕಂಡೆ. ಆ ಮೂರು ಸಾಲು ಬರೆದ ಕೈ ಅದು. ಇಪ್ಪತ್ತೈದು ವರ್ಷ ಆ ಬಾಗಿಲನ್ನು ಅವನೂ ಹುಡುಕುತ್ತಿದ್ದನೆಂದು ನನಗನಿಸುತ್ತದೆ. ನೀನು ಹೇಳುವುದೂ ಸರಿಯಿರಬಹುದು. ಈ ವಯಸ್ಸಿನಲ್ಲಿ ಮೊದಲ ಬಾರಿಗೆ ನಿನ್ನೊಡನೆ ಒಂದು ವಿಷಯದಲ್ಲಿ ಖಚಿತವಿಲ್ಲದೆ ಇದ್ದೇನೆ.

ಹೊಲಿಗೆಯವಳ ಹೆಸರು ನೀನು ಕೇಳಿದ್ದೆ. ಲಿಯೂ ಗಾಮ್‌ಹೋ. ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನ ಲಾಯರನ್ನು ಕೇಳಿ ಹಳೆಯ ಕಡತದ ವಿಳಾಸಕ್ಕೆ ಹೋಗಿದ್ದೆ. ಅಲ್ಲಿ ಈಗ ಛತ್ರಿ ಅಂಗಡಿಯಿದೆ. ಯಾರಿಗೂ ಗೊತ್ತಿಲ್ಲ. ಅವಳ ಮಗನಿಗೆ ಈಗ ಇಪ್ಪತ್ತೊಂಬತ್ತು. ಅವನಿಗೂ ಯಾರೋ ಅಳಬಾರದು ಅಂದಿರಬೇಕು. ನಿನ್ನ ತೀರ್ಪು ಅವನನ್ನು ಮುಟ್ಟುವುದಿಲ್ಲ. ಅದನ್ನು ನಾನು ಹೊತ್ತುಕೊಂಡೇ ಇರಬೇಕು, ಇರುತ್ತೇನೆ.

ಅಮ್ಮನ ಸಮಾಧಿ ಸಿಕ್ಕಿತು. ಅವಳ ಅಣ್ಣನ ಮೊಮ್ಮಗ ತೋರಿಸಿದ. ಅವಳೇ ಬಿಟ್ಟುಹೋದಳೇ, ಓಡಿಸಿದರೇ ಎಂದು ಕೇಳಿದೆ. ಅವನಿಗೆ ತಿಳಿಯದು. ವರ್ಷಕ್ಕೊಮ್ಮೆ ಎರಡು ದಿನ ನಡೆದು ಎಲ್ಲಿಗೋ ಹೋಗಿ ಬರುತ್ತಿದ್ದಳು, ಒಂದು ವರ್ಷ ಕಾಲು ಊದಿ ಹೋಗಲಾಗಲಿಲ್ಲ, ಅದೇ ವರ್ಷ ತೀರಿಕೊಂಡಳು ಎಂದು ಅವನ ಅಜ್ಜಿ ಹೇಳುತ್ತಿದ್ದಳಂತೆ. ಅಷ್ಟು ಸಾಕು.

ಕಲ್ಲಿನ ಮೇಲೆ ತವರಿನ ಹೆಸರು ಹಿಡಿದು 'ಹೋ ಮನೆತನದವಳು' ಎಂದು ಮಾತ್ರ ಇತ್ತು. ಎಡಬದಿ ಮಕ್ಕಳ ಹೆಸರಿನ ಜಾಗ ಖಾಲಿ. ಕಲ್ಲು ಕೆತ್ತುವವನನ್ನು ಕರೆತಂದು 'ಮಗ ಪುಯಿಶಿಂಗ್, ಮೊಮ್ಮಗಳು ಸುಕ್‌ಯಿನ್' ಎಂದು ಕೆತ್ತು ಅಂದೆ. ಅವನು ಉಳಿ ಹಿಡಿದು ಅನುಮಾನಿಸಿದ.

"ಅಜ್ಜಾ, ಮನೆ ಬಿಟ್ಟು ಬಂದ ಹೆಂಗಸಿನ ಕಲ್ಲಿಗೆ ಮಗನ ಹೆಸರು ಹಾಕೋ ಪದ್ಧತಿ ಇದೆಯಾ? ಮೊಮ್ಮಗಳ ಹೆಸರು ಬೇರೆ."

"ನನಗೆ ಗೊತ್ತಿಲ್ಲಪ್ಪ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ನೀನು ಕೆತ್ತು."

ಕೆತ್ತಿದ. ನಾಯಿಮರಿಯ ಹೆಸರಿಗೂ ಜಾಗ ಬಿಡಿಸಿದ್ದೇನೆ. ಧೈರ್ಯ ಬಂದಾಗ ಅವನಿಗೊಂದು ದೊಡ್ಡ ಹೆಸರಿಡು.

ಹೋ ಮನೆತನದವಳ ಮಗ
ಬರೆದದ್ದು